ಲಾರಿಯಲ್ಲಿ ತರಕಾರಿ ಕೆಡದಂತೆ ಸಾಗಿಸುವುದು ಹೇಗೆ?

ಪ್ರಶ್ನೆ: ಸೊಪ್ಪು, ಸೌತೆಕಾಯಿ, ಟೊಮೆಟೊ ಮೂರನ್ನೂ ಒಂದೇ ಎಸಿ ಲಾರಿಯಲ್ಲಿ ದೂರಕ್ಕೆ ಕಳಿಸುತ್ತೇವೆ. 4 ಡಿಗ್ರಿಗೆ ಇಟ್ಟರೂ ಇಳಿಸುವಾಗ ಮಧ್ಯದ ಕ್ರೇಟುಗಳು ಬೆಚ್ಚಗಿರುತ್ತವೆ, ಸೊಪ್ಪು ಹಳದಿಯಾಗಿರುತ್ತದೆ. ಮೆಷಿನ್ ಸರಿ ಇಲ್ವಾ?

ಉತ್ತರ 1: ಮೆಷಿನ್ ಬಗ್ಗೆ ಆಮೇಲೆ ನೋಡೋಣ. ಲೋಡ್ ಮಾಡುವ ಮೊದಲು ಮಾಲನ್ನು ತಣ್ಣಗೆ ಮಾಡುತ್ತೀರಾ? ಲಾರಿಯ ಕೂಲಿಂಗ್ ಇರುವ ತಂಪನ್ನು ಉಳಿಸುತ್ತದೆ ಅಷ್ಟೇ, ಹೊಲದಿಂದ ಬಂದ ಬಿಸಿಯನ್ನು ಬೇಗ ಇಳಿಸುವ ಶಕ್ತಿ ಅದಕ್ಕಿಲ್ಲ. ಕಿತ್ತ ಮೇಲೂ ತರಕಾರಿ ಉಸಿರಾಡುತ್ತದೆ, ತಾನೇ ಬಿಸಿ ಹುಟ್ಟಿಸುತ್ತದೆ, ಅದಕ್ಕೇ ಒತ್ತಾಗಿ ಜೋಡಿಸಿದರೆ ನಡುವಿನದು ಮೊದಲು ಹಾಳು. ಗೋಡೆ, ಚಾವಣಿಯ ಹತ್ತಿರ ಗಾಳಿ ಓಡಾಡಲು ಜಾಗ ಬಿಡಿ.

ಉತ್ತರ 2: ಮೂರನ್ನೂ ಒಟ್ಟಿಗೆ ಹಾಕುವುದೇ ದೊಡ್ಡ ತೊಂದರೆ. ಹಣ್ಣಾಗುವ ಟೊಮೆಟೊ ಎಥಿಲೀನ್ ಅನಿಲ ಬಿಡುತ್ತದೆ, ಅದರಿಂದ ಸೊಪ್ಪು, ಸೌತೆ ಬೇಗ ಹಳದಿಯಾಗುತ್ತವೆ. ಜೊತೆಗೆ ಸೊಪ್ಪಿಗೆ 0 ಡಿಗ್ರಿ ಹತ್ತಿರದ ತಂಪು ಬೇಕು, ಸೌತೆಗೆ 10ಕ್ಕಿಂತ ಕೆಳಗೆ ಹೋದರೆ ಚಳಿಪೆಟ್ಟು, ಅಂದರೆ ತಂಪು ಹೆಚ್ಚಾಗಿ ಕಾಯಿ ಹಾಳಾಗುತ್ತದೆ. ಸೊಪ್ಪನ್ನು ದಯವಿಟ್ಟು ಬೇರೆ ಲಾರಿಗೆ ಹಾಕಿ.

ಪ್ರಶ್ನೆ ಕೇಳಿದವರು: ತಣ್ಣಗೆ ಮಾಡದೆ ನೇರ ತುಂಬುತ್ತಿದ್ದೆವು. ಸೊಪ್ಪಿನ ಮೇಲೆ ನೀರು ಚಿಮುಕಿಸಬಹುದಾ?

ಉತ್ತರ 1: ಸುಮ್ನೆ ಜಾಸ್ತಿ ಹಾಕಬೇಡಿ, ನೀರು ನಿಂತರೆ ಕೊಳೆಯುತ್ತದೆ. ತೇವಾಂಶ 95 ಶೇಕಡಾ ಹತ್ತಿರ ಇದ್ದರೆ ಬಾಡುವುದಿಲ್ಲ. ಮಧ್ಯದ ಕ್ರೇಟಿನಲ್ಲೊಂದು ಟೆಂಪರೇಚರ್ ರೆಕಾರ್ಡರ್ ಇಡಿ, ಡ್ರೈವರ್ ಮುಂದಿನ ಡಿಸ್‌ಪ್ಲೇ ಗಾಳಿಯ ಟೆಂಪರೇಚರ್ ಮಾತ್ರ ಹೇಳುತ್ತದೆ, ಮಾಲಿನದ್ದಲ್ಲ.