ಬಿಸಿ ತುಪ್ಪ ಸುರಿದೆ, ಬಾಟಲಿಯ ತಳವೇ ಕಳಚಿ ಬಂತು. ಯಾಕೆ?

ತುಪ್ಪದ_ತಾಪತ್ರಯ:
ನಿನ್ನೆ ಕೂಡಿಟ್ಟ ಬೆಣ್ಣೆಯೆಲ್ಲ ಒಟ್ಟಿಗೆ ಕಾಯಿಸಿದೆ. ವೀಳ್ಯದೆಲೆ ಹಾಕಿದ್ದೆ, ಘಮ್ ಅಂತ ಒಳ್ಳೇ ತುಪ್ಪ ಆಗಿತ್ತು. ಒಲೆಯಿಂದ ಇಳಿಸಿದವಳೇ, ತೊಳೆದು ಒರೆಸಿಟ್ಟಿದ್ದ ಒಂದು ಖಾಲಿ ಜಾಮ್ ಬಾಟಲಿಗೆ ಸೋಸಿದೆ. ಅರ್ಧ ತುಂಬಿರಬೇಕು, ಟಕ್ ಅಂತ ಒಂದು ಸದ್ದು. ಬಾಟಲಿ ಎತ್ತಿದರೆ ತಳ ಕಟ್ಟೆ ಮೇಲೇ ಉಳಿಯಿತು, ದುಂಡಗೆ ಬಿಲ್ಲೆ ಥರ, ಯಾರೋ ಕೊಯ್ದು ಇಟ್ಟ ಹಾಗೆ. ತುಪ್ಪ ಗ್ರಾನೈಟ್ ಮೇಲೆಲ್ಲ ಹರಿದು ಕಪಾಟಿನ ಒಳಗೂ ಹೋಯಿತು.

ನನಗೆ ಅರ್ಥ ಆಗದ್ದು ಇಷ್ಟು. ಇದೇ ಬಾಟಲಿಯನ್ನು ಬಿಸಿನೀರಲ್ಲಿ ಎಷ್ಟೋ ಸಲ ತೊಳೆದಿದ್ದೇನೆ, ಏನೂ ಆಗಿರಲಿಲ್ಲ. ಟೀ ಅಂಗಡಿಯವರು ಕುದಿಯುವ ಟೀಯನ್ನು ಗಾಜಿನ ಲೋಟಕ್ಕೇ ಸುರಿಯುತ್ತಾರೆ, ಅದು ಒಡೆಯಲ್ಲವಲ್ಲ? ನನ್ನ ಬಾಟಲಿ ಅದಕ್ಕಿಂತ ದಪ್ಪ ಬೇರೆ. ಇನ್ನೊಂದು ಪ್ರಶ್ನೆ, ಬೈಬೇಡಿ: ಒಂದಷ್ಟು ತುಪ್ಪ ಬಾಚಿ ಪಾತ್ರೆಗೆ ಹಾಕಿಕೊಂಡಿದ್ದೇನೆ, ಬಟ್ಟೆಯಲ್ಲಿ ಸೋಸಿದರೆ ತಿನ್ನಬಹುದಾ?

ಲ್ಯಾಬ್_ಮೇಷ್ಟ್ರು:
ಮೊದಲು ಕೊನೇ ಪ್ರಶ್ನೆಗೆ: ಬೇಡ. ಗಾಜಿನ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದಿರುತ್ತದೆ, ಬಟ್ಟೆಯನ್ನು ನಂಬಬೇಡಿ.

ಇನ್ನು ಬಾಟಲಿ ವಿಷಯ. ದಪ್ಪ ಇದ್ದದ್ದೇ ಅದಕ್ಕೆ ಮುಳುವಾಯಿತು. ಗಾಜಿನಲ್ಲಿ ಶಾಖ ತುಂಬಾ ನಿಧಾನವಾಗಿ ಹರಿಯುತ್ತದೆ, ತಾಮ್ರದ ಜೊತೆ ಹೋಲಿಸಿದರೆ ಸುಮಾರು 400 ಪಟ್ಟು ಕಡಿಮೆ. ನೀವು ತುಪ್ಪ ಸುರಿದ ಕೂಡಲೇ ಒಳಮೈ ಕಾದು ಹಿಗ್ಗುತ್ತದೆ, ಹೊರಮೈಗೆ ಇನ್ನೂ ಸುದ್ದಿಯೇ ಮುಟ್ಟಿರುವುದಿಲ್ಲ, ಅದು ತಣ್ಣಗೆ ಇದ್ದಲ್ಲೇ ಇರುತ್ತದೆ, ಹಾಗಾಗಿ ಹಿಗ್ಗುತ್ತಿರುವ ಒಳಗಿನ ಪದರ ಹೊರಗಿನದನ್ನು ಎಳೆಯಲು ಶುರು ಮಾಡುತ್ತದೆ. ಗಾಜನ್ನು ಅದುಮಿದರೆ ಚೆನ್ನಾಗಿ ತಡೆಯುತ್ತದೆ, ಎಳೆದರೆ ತಡೆಯಲ್ಲ. ಸ್ಟೀಲ್ ಆಗಿದ್ದರೆ ಒಂಚೂರು ಬಾಗಿ ಸುಧಾರಿಸಿಕೊಳ್ಳುತ್ತಿತ್ತು. ಗಾಜಿಗೆ ಬಾಗುವುದು ಗೊತ್ತಿಲ್ಲ.

ತಳವೇ ಯಾಕೆ ಅಂದರೆ, ಅಲ್ಲಿ ಗಾಜು ದಪ್ಪ, ಪಕ್ಕದ ಗೋಡೆ ತೆಳು. ಗೋಡೆ ಬೇಗ ಕಾಯುತ್ತದೆ, ತಳ ನಿಧಾನ, ಅದೂ ತಣ್ಣನೆಯ ಗ್ರಾನೈಟ್ ಮೇಲೆ ಕೂತಿತ್ತು. ಎರಡೂ ಸೇರುವ ಸುತ್ತಿನಲ್ಲೇ ಎಳೆತ ಜಾಸ್ತಿ. ಬಿರುಕು ಆ ಸುತ್ತು ಹಿಡಿದೇ ಓಡಿದೆ.

ಬಿಸಿನೀರಿಗೆ ತಡೆದಿದ್ದು ಈಗ ಯಾಕೆ ತಡೆಯಲಿಲ್ಲ? ಕೈ ಇಟ್ಟು ತೊಳೆಯುವ ನೀರು 50 ಡಿಗ್ರಿ ಇದ್ದರೆ ಹೆಚ್ಚು. ಬೆಣ್ಣೆಯಲ್ಲಿನ ನೀರೆಲ್ಲ ಆರಿ ಚಟಪಟ ಸದ್ದು ನಿಂತ ಮೇಲೆ ತುಪ್ಪ 100 ದಾಟಿರುತ್ತದೆ. ಜೊತೆಗೆ ಸ್ಟೀಲ್ ನಾರಲ್ಲಿ ಉಜ್ಜಿದ್ದರೆ ಮೈತುಂಬ ಸಣ್ಣ ಗೀರುಗಳು ಇದ್ದೇ ಇರುತ್ತವೆ. ಬಿರುಕು ಹುಟ್ಟುವುದು ಆ ಗೀರುಗಳಲ್ಲೇ. ಗ್ರಿಫಿತ್ ಎಂಬ ಎಂಜಿನಿಯರ್ 1921ರಲ್ಲಿ ಬರೆದದ್ದೂ ಇದನ್ನೇ: ಗಾಜು ಲೆಕ್ಕದ ಪ್ರಕಾರ ಇರಬೇಕಾದಷ್ಟು ಗಟ್ಟಿ ಇಲ್ಲದಿರುವುದಕ್ಕೆ ಕಾರಣ ಈ ಕಾಣದ ಗೀರುಗಳು.

ಟೀ ಲೋಟ ಒಡೆಯುವುದೇ ಇಲ್ಲ ಅಂತಲ್ಲ, ಅಂಗಡಿಯವರನ್ನು ಕೇಳಿ ನೋಡಿ. ಆದರೆ ಅದರ ಗೋಡೆ ತೆಳು, ಬೇಗ ಪೂರ್ತಿ ಬಿಸಿಯಾಗುತ್ತದೆ. ಎಷ್ಟೋ ಕಡೆ ಬಿಸಿನೀರಲ್ಲಿ ಅದ್ದಿ ತೆಗೆದು ಆಗಲೇ ಬೆಚ್ಚಗಿರುವ ಲೋಟಕ್ಕೇ ಟೀ ಬೀಳುತ್ತದೆ.

ಹಳೇ_ಲಾಟೀನು:
ಮೇಷ್ಟ್ರು ಹೇಳಿದ್ದು ಓದಿ ನಮ್ಮೂರು ನೆನಪಾಯಿತು. ಮಲೆನಾಡಿನ ಮಳೆಗಾಲ, ಕರೆಂಟ್ ಇಲ್ಲ, ಲಾಟೀನು ಹಿಡಿದು ಕೊಟ್ಟಿಗೆಗೆ ಹೋದರೆ ಸೂರಿನಿಂದ ಒಂದು ಹನಿ ತೊಟ್ಟಿಕ್ಕಿದರೆ ಸಾಕು, ಚಿಟ್ ಅಂತ ಲಾಟೀನಿನ ಗಾಜು ಸೀಳುತ್ತಿತ್ತು. ಅಜ್ಜನಿಂದ ಬೈಗುಳ ಮಾತ್ರ ನನಗೆ, ಮಳೆಗಲ್ಲ.

ಈ ಲಾಟೀನಿನ ತೊಂದರೆ ಅಮೆರಿಕದ ರೈಲ್ವೆಯವರಿಗೂ ಇತ್ತು. ಕಾದ ಸಿಗ್ನಲ್ ಲಾಟೀನಿನ ಗಾಜಿನ ಮೇಲೆ ಮಳೆ, ಹಿಮ ಬಿದ್ದು ಒಡೆಯುತ್ತಿತ್ತು. ಅದಕ್ಕೇ ಕಾರ್ನಿಂಗ್ ಕಂಪನಿ ಕಡಿಮೆ ಹಿಗ್ಗುವ ಗಾಜು ಮಾಡಿತು. ಅಲ್ಲಿ ಕೆಲಸಕ್ಕಿದ್ದ ಲಿಟಲ್‌ಟನ್ ಎಂಬವರು 1913ರಲ್ಲಿ ಅದೇ ಗಾಜಿನ ಬ್ಯಾಟರಿ ಜಾಡಿಯ ಬುಡ ಕೊಯ್ದು ಮನೆಗೆ ತಂದರು, ಹೆಂಡತಿ ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿದರು. 1915ರಲ್ಲಿ ಪೈರೆಕ್ಸ್ ಅಂತ ಮಾರಾಟಕ್ಕೆ ಬಂತು. ನಮ್ಮ ತುಪ್ಪದಮ್ಮನ ಬುಡ ತಾನೇ ಕಳಚಿಕೊಂಡಿತು, ಅಷ್ಟೇ ವ್ಯತ್ಯಾಸ :)

ಲ್ಯಾಬ್_ಮೇಷ್ಟ್ರು:
ಹಾ, ಅದು ಬೋರೋಸಿಲಿಕೇಟ್. ಜರ್ಮನಿಯ ಓಟೋ ಶಾಟ್ ಆಗಲೇ ಆ ಜಾತಿಯ ಗಾಜು ಮಾಡಿದ್ದರು. ಮಾಮೂಲಿ ಗಾಜಿನ ಒಂದು ಮೀಟರ್ ಉದ್ದದ ಕಡ್ಡಿಯನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಸುಮಾರು 0.9 ಮಿಲಿಮೀಟರ್ ಬೆಳೆಯುತ್ತದೆ, ಇದು 0.33ರಷ್ಟು ಮಾತ್ರ. ನಮ್ಮ ಲ್ಯಾಬಿನ ಬೀಕರ್‌ಗಳನ್ನು ಹಾಗಾಗಿಯೇ ಬರ್ನರ್ ಮೇಲೆ ಇಡಬಹುದು. ಹಾಗಂತ ಕಾದ ಬೀಕರನ್ನು ಒದ್ದೆ ಕಲ್ಲಿನ ಮೇಲೆ ಇಟ್ಟರೆ ಅದೂ ಒಮ್ಮೊಮ್ಮೆ ಕೈಕೊಡುತ್ತದೆ. ಬಿಸಿ ಗಾಜಿಗೆ ತಣ್ಣೀರು ತಾಗುವುದು ಇನ್ನೂ ಕೆಟ್ಟದ್ದು, ಯಾಕೆಂದರೆ ತಾಗಿದ ಮೇಲ್ಮೈಯೇ ಕುಗ್ಗಿ ಎಳೆತಕ್ಕೆ ಸಿಗುತ್ತದೆ, ಗೀರುಗಳಿರುವುದೂ ಅಲ್ಲೇ. ಲಾಟೀನಿನ ಕತೆ ಅದೇ.

ಅಡುಗೆಮನೆ_ಅಕ್ಕ:
ಅಷ್ಟೆಲ್ಲ ಯಾಕೆ, ಬಾಟಲಿ ಒಳಗೆ ಒಂದು ಸ್ಟೀಲ್ ಚಮಚ ನಿಲ್ಲಿಸಿ ಸುರಿಯಿರಿ. ನಮ್ಮತ್ತೆ ಹೇಳಿಕೊಟ್ಟದ್ದು. ಇಪ್ಪತ್ತು ವರ್ಷದಿಂದ ಒಂದೂ ಒಡೆದಿಲ್ಲ.

ಲ್ಯಾಬ್_ಮೇಷ್ಟ್ರು:
ಅಕ್ಕಾ, ಚಮಚ ಒಂಚೂರು ಶಾಖ ಹೀರುತ್ತದೆ, ಚಮಚದ ಮೇಲೆ ಸುರಿದರೆ ಒಂದೇ ಜಾಗಕ್ಕೆ ಬಿಸಿ ಬೀಳುವುದೂ ತಪ್ಪುತ್ತದೆ. ಆದರೆ ಒಂದು ಬಾಟಲಿ ತುಪ್ಪದ ಶಾಖದ ಮುಂದೆ ಒಂದು ಚಮಚ ಎಷ್ಟರದು? ನಿಮ್ಮತ್ತೆ ತುಪ್ಪ ಆರಲು ಬಿಟ್ಟು ಸುರಿಯುತ್ತಿದ್ದರು ಅಂತ ನನ್ನ ಅನುಮಾನ.

ಅಡುಗೆಮನೆ_ಅಕ್ಕ:
ಆರಿಸಿಯೇ ಸುರಿಯೋದು, ಅದು ಬೇರೆ ಹೇಳಬೇಕಾ!

ಗಾಜು_ಕೆಲಸ:
ನಾನು ಕಿಟಕಿ ಗಾಜು ಕೂರಿಸುವವನು. ನಮ್ಮಲ್ಲೂ ಇದೇ ರಗಳೆ. ಬಿಸಿಲಿಗೆ ಗಾಜಿನ ನಡುಭಾಗ ಕಾಯುತ್ತದೆ, ಫ್ರೇಮಿನೊಳಗೆ ಅವಿತ ಅಂಚು ತಣ್ಣಗೇ ಇರುತ್ತದೆ, ಕಪ್ಪು ಫಿಲ್ಮ್ ಅಂಟಿಸಿದರಂತೂ ಇನ್ನೂ ಜಾಸ್ತಿ ಕಾಯುತ್ತದೆ. ಆಮೇಲೆ ಒಂದು ದಿನ ಯಾರೂ ಮುಟ್ಟದೆ ಸೀಳು ಬಿಡುತ್ತದೆ. ಮನೆಯವರು ಪಕ್ಕದ ಮನೆ ಹುಡುಗರ ಕ್ರಿಕೆಟ್ ಚೆಂಡಿನ ಮೇಲೆ ಅನುಮಾನ ಪಡುತ್ತಾರೆ. ಬಿರುಕು ಅಂಚಿನಿಂದ ನೆಟ್ಟಗೆ, ಮೂಲೆಮಟ್ಟ ಇಟ್ಟ ಹಾಗೆ ಶುರುವಾಗಿ ಆಮೇಲೆ ಹಾವಿನಂತೆ ಹೋಗಿದ್ದರೆ ಬಹುಪಾಲು ಬಿಸಿಲಿನ ಕೆಲಸ. ಏಟು ಬಿದ್ದಿದ್ದರೆ ಆ ಜಾಗದಿಂದ ಸುತ್ತಲೂ ಒಡೆದಿರುತ್ತದೆ. ಅಂಚು ಪಾಲಿಶ್ ಮಾಡಿಸಿ ಅಂದರೆ ಯಾರೂ ದುಡ್ಡು ಬಿಚ್ಚಲ್ಲ.

ಬಿಸಿಲು ಜಾಸ್ತಿ ಬೀಳುವ ಕಡೆ ಟಫನ್ಡ್ ಹಾಕಿಸಿ. ಅದನ್ನು 600 ಡಿಗ್ರಿ ದಾಟಿ ಕಾಯಿಸಿ ಜೋರು ಗಾಳಿ ಊದಿ ತಣಿಸುತ್ತಾರೆ. ಮೇಲ್ಮೈ ಮೊದಲೇ ಅದುಮಿಕೊಂಡ ಸ್ಥಿತಿಯಲ್ಲಿ ಇರುವುದರಿಂದ ಎಳೆತ ತಡೆಯುತ್ತದೆ. ಒಂದೇ ಸಮಸ್ಯೆ, ಆಮೇಲೆ ಕತ್ತರಿಸಲು ಬರಲ್ಲ, ಅಳತೆ ತಪ್ಪಿದರೆ ಗಾಜು ದಂಡ.

ತುಪ್ಪದ_ತಾಪತ್ರಯ:
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಸ್ಟೀಲ್ ನಾರಲ್ಲೇ ಉಜ್ಜುತ್ತಿದ್ದದ್ದು, ಒಪ್ಪಿದೆ. ಇನ್ನು ಮೇಲೆ ಸ್ಟೀಲ್ ಡಬ್ಬಿಗೆ ಸೋಸಿ, ಆರಿದ ಮೇಲೆ ಬಾಟಲಿಗೆ. ತಿನ್ನುವ ಆಸೆಯೂ ಬಿಟ್ಟೆ. ದೇವರ ದೀಪಕ್ಕಾದರೂ ಹಾಕಬಹುದಾ?

ಅಡುಗೆಮನೆ_ಅಕ್ಕ:
ಧಾರಾಳವಾಗಿ. ಬತ್ತಿ ಮಾತ್ರ ಬೆರಳಲ್ಲಿ ಅದ್ದಬೇಡಿ.