ಆಕ್ಸಿಲರೇಟರ್ ‘ಹಿಡ್ಕೊಳ್ಳೋದು’, ‘ಸಿಕ್ಕಾಕ್ಕೊಳ್ಳೋದು’ ಎರಡೂ ಒಂದೇನಾ?

ನಂದು ಹಳೇ ಕಾರು, ಪೆಡಲ್‌ನಿಂದ ಎಂಜಿನ್‌ಗೆ ಕೇಬಲ್ ಇರೋ ಕಾಲದ್ದು. ಮೆಕ್ಯಾನಿಕ್ ಹತ್ರ ಹೋಗಿ ಆಕ್ಸಿಲರೇಟರ್ ಹಿಡ್ಕೊಳ್ತಾ ಇದೆ ಅಂದೆ, ಅವರು ಬಾನೆಟ್ ಎತ್ತೋ ಮೊದ್ಲೇ “ಹಿಡ್ಕೊಳ್ಳತ್ತೋ ಸಿಕ್ಕಾಕ್ಕೊಳ್ಳತ್ತೋ, ಸರಿಯಾಗಿ ಹೇಳಿ ಸಾರ್” ಅಂದ್ರು. ನಾನು ಪೆಚ್ಚಾದೆ.

ಅವರ ಲೆಕ್ಕದಲ್ಲಿ ‘ಹಿಡ್ಕೊಳ್ಳೋದು’ ಅಂದ್ರೆ ಕಾಲಿಟ್ಟಾಗ ಪೆಡಲ್ ಮೊದ್ಲು ಅಲ್ಲಾಡಲ್ಲ, ಇನ್ನೂ ಸ್ವಲ್ಪ ಒತ್ತಿದ್ರೆ ಟಕ್ ಅಂತ ಬಿಟ್ಕೊಂಡು ಗಾಡಿ ಮುಂದಕ್ಕೆ ಹಾರತ್ತೆ. ಇದು ಹೆಚ್ಚಾಗಿ ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗೋ ಗಾಳಿ ಹೆಚ್ಚು ಕಮ್ಮಿ ಮಾಡೋ ಭಾಗ) ಸಮಾಚಾರ, ಒಳಗಿನ ಬಟರ್‌ಫ್ಲೈ, ಅಂದ್ರೆ ತಿರುಗೋ ತಟ್ಟೆ, ಮುಚ್ಚಿದಾಗ ಅದರ ಅಂಚು ತಾಗೋ ಕಡೆ ಕಪ್ಪು ಜಿಡ್ಡು ಕೂತಿರತ್ತೆ. ‘ಸಿಕ್ಕಾಕ್ಕೊಳ್ಳೋದು’ ಅಂದ್ರೆ ಕಾಲು ತೆಗೆದ್ರೂ ರೇಸ್ ಇಳಿಯಲ್ಲ. ಕೇಬಲ್‌ನ ಎಳೆ ಬಿಚ್ಕೊಂಡು ಕವರ್ ಒಳಗೆ ತಡೀತಿರಬಹುದು, ರಿಟರ್ನ್ ಸ್ಪ್ರಿಂಗ್ ಸೋತಿರಬಹುದು, ಎಷ್ಟೋ ಸಲ ಬರೀ ಕಾಲಡಿ ಮ್ಯಾಟ್ ಸರಿದು ಪೆಡಲ್ ಮೇಲೆ ಕೂತಿರತ್ತೆ. ಅಪಾಯ ಇರೋದು ಇದರಲ್ಲೇ, ಓಡಿಸ್ತಿರುವಾಗ ಹಂಗಾದ್ರೆ ಬ್ರೇಕ್ ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮ ಗಟ್ಟಿಯಾಗಿ ಒತ್ತಿ ನ್ಯೂಟ್ರಲ್‌ಗೆ ಹಾಕಿ, ಕೀ ಮಾತ್ರ ಕೀಳ್ಬೇಡಿ ಸ್ಟೀರಿಂಗ್ ಲಾಕ್ ಆಗ್ಬಿಡತ್ತೆ ಅಂತ ಎರಡೆರಡು ಸಲ ಹೇಳಿದ್ರು.

ಆಮೇಲೆ ಎಂಜಿನ್ ಆಫ್ ಮಾಡಿ ಥ್ರಾಟಲ್ ಕಡೆಯ ಕೇಬಲ್ ತುದಿ ಬಿಡಿಸಿ ಅಲ್ಲಿನ ಲಿವರ್ ಕೈಯಲ್ಲೇ ತಿರುಗಿಸಿ ನೋಡಿ ಅಂದ್ರು. ತಿರುಗಿಸಿದೆ. ಜೇನು ಮೆತ್ಕೊಂಡ ಬಾಟ್ಲಿ ಮುಚ್ಚಳ ಬಿಚ್ಚಿದ ಹಾಗೆ ಮೊದ್ಲು ಒಂಚೂರು ಎಳೀತು, ಆಮೇಲೆ ಸಲೀಸು. ಲಿವರ್ ಆರಾಮಾಗಿ ತಿರುಗಿದ್ದಿದ್ರೆ ತೊಂದ್ರೆ ಕೇಬಲ್ಲಲ್ಲೋ ಪೆಡಲ್ಲಲ್ಲೋ ಇದೆ ಅಂತ ಆಗ್ತಿತ್ತಂತೆ. ಅಂದ್ರೆ ನಂದು ಹಿಡ್ಕೊಳ್ಳೋದೇ, ಅರಿವಿಲ್ದೆ ಸರಿಯಾಗೇ ಹೇಳಿದ್ದೆ!

ಈಗ ಪದದ ವಿಷ್ಯ. ಸೊಂಟ ಹಿಡ್ಕೊಂಡಿದೆ, ಕತ್ತು ಹಿಡ್ಕೊಂಡಿದೆ ಅಂತೀವಲ್ಲ, ಅಲ್ಲೂ ಅಲ್ಲಾಡೋಕೆ ಶುರು ಮಾಡೋದೇ ಕಷ್ಟ, ಆ ಅರ್ಥ ಇಲ್ಲಿಗೆ ಚೆನ್ನಾಗಿ ಕೂರತ್ತೆ. ಮಸಿ ಹಿಡಿಯೋದು ತುಕ್ಕು ಹಿಡಿಯೋದು ಎಲ್ಲಾ ಅದೇ ಧಾತು, ಹಾಗಾಗಿ ‘ಮಸಿ ಹಿಡಿದು ಪೆಡಲ್ ಹಿಡ್ಕೊಂಡಿದೆ’ ಅಂದ್ರೆ ಕಾರಣಾನೂ ಲಕ್ಷಣಾನೂ ಒಂದೇ ಕ್ರಿಯಾಪದದಲ್ಲಿ ಮುಗೀತು. ಆದ್ರೆ ಅದೇ ಮೆಕ್ಯಾನಿಕ್ ಬಾನೆಟ್ ಹಿಂದಿನಿಂದ “ರೇಸ್ ಹಿಡ್ಕೊಳ್ಳಿ” ಅಂತ ಕೂಗಿದಾಗ ಅದಕ್ಕೆ ಅರ್ಥ ಪೆಡಲ್ ಒತ್ತಿ ಇಟ್ಕೊಳ್ಳಿ ಅಂತ, ಇಲ್ಲಿ ಹಿಡಿಯೋದು ನಾನು, ಅಲ್ಲಿ ತಾನೇ ಹಿಡ್ಕೊಳ್ಳೋದು ಪೆಡಲ್ಲು. ಬರವಣಿಗೇಲಿ ಕೆಲವರು ‘ಅಂಟಿಕೊಳ್ಳುವ ಆಕ್ಸಿಲರೇಟರ್’ ಅಂತಾರೆ, ನಂಗಂತೂ ಅದು ಗೋಂದು ಹಚ್ಚಿದ ಪೆಡಲ್ ಥರ ಕೇಳತ್ತೆ.

ನನ್ನ ಪ್ರಶ್ನೆ ಇಷ್ಟು: ಒತ್ತುವಾಗ ತಡೆಯೋದಕ್ಕೆ ಒಂದು, ಬಿಟ್ಟಾಗ ವಾಪಸ್ ಬರದೇ ಇರೋದಕ್ಕೆ ಇನ್ನೊಂದು, ಹೀಗೆ ಬೇರೆ ಬೇರೆ ಮಾತು ನಿಮ್ಮ ಕಡೆನೂ ಬಳಕೇಲಿದ್ಯಾ? ‘ಕಚ್ಕೊಂಡಿದೆ’ ಅನ್ನೋದನ್ನೂ ಕೇಳಿದೀನಿ, ಅದು ಈ ಎರಡರಲ್ಲಿ ಯಾವುದಕ್ಕೆ ಸೇರತ್ತೆ?