ಕಾಲುವೆ ಜಾಡು ಹಿಡಿದು ಆನೆಗುಂದಿ–ಹಂಪಿ: ಎರಡು ದಿನಕ್ಕೆ ಹೇಗೆ ಹೊಂದಿಸೋದು?

ಪ್ರಶ್ನೆ (ಸಿಂಧನೂರು)
ನವೆಂಬರ್ ಕೊನೆಯ ಶನಿವಾರ, ಭಾನುವಾರ ಎರಡೇ ದಿನ ಸಿಗ್ತಾವ. ಸ್ವಂತ ಕಾರು. ಜೊತೆಗೆ ಮೊಣಕಾಲು ನೋವಿರೋ ಅವ್ವ, ನಾಲ್ಕನೇ ತರಗತಿ ಮಗ. ಎಲ್ಲಾ ಗುಡಿ ನೋಡಿ ಮುಗಿಸಬೇಕು ಅಂತೇನಿಲ್ಲ. ಅಷ್ಟು ದೊಡ್ಡ ಊರಿಗೆ ನೀರು ಹೇಗೆ ಬರ್ತಿತ್ತು ಅನ್ನೋದನ್ನ ಮಗನಿಗೆ ಕಣ್ಣಾರೆ ತೋರಿಸಬೇಕು. ವಿರೂಪಾಪುರಗಡ್ಡೆಯಲ್ಲಿ ಉಳಿದು ದೋಣಿಯಲ್ಲಿ ದಾಟಿ ಅಂತ ಹಳೇ ಬರಹಗಳಲ್ಲಿದೆ. ಈಗಲೂ ಅದೇ ಸರಿಯಾ?

ಉತ್ತರ 1 (ಗಂಗಾವತಿ)
ಗಡ್ಡೆ ಬಿಡ್ರಿ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ಅಲ್ಲಿನ ರೆಸಾರ್ಟ್ ಎಲ್ಲಾ ತೆರವು ಮಾಡ್ಯಾರ. ಆನೆಗುಂದಿ ಇಲ್ಲಾ ಸಾಣಾಪುರದಾಗ ಉಳೀರಿ. ನೀವು ಹೆಂಗೂ ಕಾರಟಗಿ, ಗಂಗಾವತಿ ಮೇಲೆ ಬರ್ತೀರಿ, ಸುತ್ತು ಬೀಳಲ್ಲ.

ಮೊದಲ ದಿನ ಸಾಣಾಪುರ ಕೆರೆಯಿಂದ ಶುರು ಮಾಡ್ರಿ. ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬಿ ನಿಲ್ಲೋ ಜಾಗ. ಇದೇ ಕಾಲುವೆ ನೀರು ನಿಮ್ಮೂರ ಭತ್ತದ ಗದ್ದೆಗೂ ಬರ್ತದ ಅಂತ ಹುಡುಗನಿಗೆ ಅಲ್ಲೇ ಹೇಳ್ರಿ, ಮರುದಿನ ನೋಡೋ ಹಳೇ ಕಾಲುವೆಗಳ ಬೆಲೆ ಅವನಿಗೆ ತಾನಾಗಿ ತಿಳೀತದ. ಹರಿಗೋಲು ಹತ್ತಿದ್ರೆ ಲೈಫ್ ಜಾಕೆಟ್ ಬಿಡಬ್ಯಾಡ್ರಿ. ಈಜಾಕಂತೂ ಇಳೀಲೇಬ್ಯಾಡ್ರಿ: ಮೇಲೆ ಶಾಂತ ಕಂಡ್ರೂ ಬಂಡೆ ಸಂದಿಯಾಗ ಸೆಳೆತ ಜೋರು, ಜೀವ ಹೋಗ್ಯಾವ.

ಅಂಜನಾದ್ರಿಗೆ 575 ಮೆಟ್ಟಿಲು. ಅವ್ವನವರಿಗೆ ಆಗಲ್ಲ. ಶನಿವಾರ ಹನುಮಪ್ಪನ ದಿನ, ಬಿಸಿಲೇರಿದ ಮೇಲೆ ಜನಜಾತ್ರೆ. ಹತ್ತೋದಿದ್ರೆ ಭಾನುವಾರ ಬೆಳಕು ಹರಿಯೋ ಹೊತ್ತಿಗೆ ಮಗನ ಜೊತೆ ಹತ್ತಿ ಇಳೀರಿ. ದಿನ ಮುಂದೆ ಹಾಕೋದಾದ್ರೆ ಡಿಸೆಂಬರ್‌ನ ಹನುಮಮಾಲೆ ವಿಸರ್ಜನೆ ದಿನ ತಪ್ಪಿಸ್ರಿ, ಗಂಗಾವತಿ ರಸ್ತೆ ಪೂರಾ ಕಟ್ಟಿಹೋಗ್ತದ. ಶನಿವಾರ ಸಂಜೆಗೆ ಪಂಪಾ ಸರೋವರ, ಆನೆಗುಂದಿಯ ರಂಗನಾಥ ಗುಡಿ, ಗಗನ ಮಹಲ್ ಸಾಕು. ಇವಕ್ಕೆ ಏರು ಅಂತ ಹೆಚ್ಚಿಲ್ಲ.

ಉತ್ತರ 2 (ಹೊಸಪೇಟೆ)
ಮೇಲಿನವರು ಹೇಳಿದ್ದು ಸರಿ. ಎರಡನೇ ದಿನ ನದಿ ದಾಟೋಕೆ ತಳವಾರಘಟ್ಟದ ದೋಣಿ ನೆಚ್ಚಬೇಡಿ. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದಿದ್ದು, ಆ ಘಟ್ಟದಲ್ಲಿ ಕಾರು ದಾಟಲ್ಲ. ಕಡೇಬಾಗಿಲು–ಬುಕ್ಕಸಾಗರ ಸೇತುವೆ ಮೇಲೆ ಕಾರು ಸಮೇತ ಕಮಲಾಪುರಕ್ಕೆ ಬನ್ನಿ.

ಇಲ್ಲಿಂದ ನೀರಿನ ದಾರಿ ಹಿಡಿದೇ ನೋಡಬೇಕು, ಆಗ ಒಂದಕ್ಕೊಂದು ಕೂಡಿಕೊಳ್ಳುತ್ತೆ. ಮೊದಲು ಕಮಲಾಪುರ ಕೆರೆ ಏರಿ. ಅರಮನೆ ಆವರಣಕ್ಕೆ ನೀರು ಹೋಗ್ತಿದ್ದದ್ದು ಇಲ್ಲಿಂದ. ಆಮೇಲೆ ರಾಣಿ ಸ್ನಾನಗೃಹ: ಸುತ್ತ ಕಂದಕ ಇದೆ, ಅದನ್ನೂ ನೋಡಿಸಿ, ಬಹಳ ಜನ ಒಳಗಿನ ಕೊಳ ಮಾತ್ರ ನೋಡಿ ಹೊರಡ್ತಾರೆ. ಅಲ್ಲಿಂದ ರಾಜಾಂಗಣ. ಕಲ್ಲಿನ ಕಂಬಗಳ ಮೇಲೆ ನೀರು ಹರಿಯೋ ಕಲ್ಲಿನ ತೊಟ್ಟಿಗಳನ್ನು ಸಾಲಾಗಿ ಜೋಡಿಸಿದ ಮೇಲ್ಗಾಲುವೆ ಮೆಟ್ಟಿಲು ಪುಷ್ಕರಣಿ ಕಡೆಗೆ ಹೋಗುತ್ತೆ. ಅದರ ಪಕ್ಕದಲ್ಲೇ ನಡೆದು ಇಳಿಜಾರು ಎಷ್ಟು ಸಣ್ಣದು ಅಂತ ಮಗನಿಗೆ ತೋರಿಸಿ. ಆ ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿ ಸಿಕ್ಕಿದ್ದು. ಕಲ್ಲು ಬೇರೆ ಕಡೆ ಕಡೆದು, ಯಾವ ಸಾಲು, ಯಾವ ದಿಕ್ಕು ಅಂತ ಗುರುತು ಕೆತ್ತಿ ತಂದು ಜೋಡಿಸಿದ್ದಾರೆ. ಆ ಗುರುತು ಹುಡುಕೋದು ಮಕ್ಕಳಿಗೆ ಒಳ್ಳೆ ಕೆಲಸ. ನೆರಳು ಮಾತ್ರ ಇಲ್ಲ, ಹತ್ತು ಗಂಟೆಯೊಳಗೆ ಮುಗಿಸಿ. ಹತ್ತಿರದ ಭೋಜನಶಾಲೆಯಲ್ಲಿ ನೀರಿನ ಕಾಲುವೆಯ ಎರಡೂ ದಂಡೆಗೆ ಕಲ್ಲಿನ ತಟ್ಟೆಗಳ ಸಾಲು ಇದೆ.

ಅಲ್ಲಿವರೆಗೆ ನೋಡಿದ್ದೆಲ್ಲ ನೀರು ನಿಂತುಹೋದ ಕಾಲುವೆ. ಈಗಲೂ ಹರಿಯೋದು ತುರ್ತು ಕಾಲುವೆ. ನದಿಯ ಬಂಡೆ, ನಡುಗಡ್ಡೆಗಳ ನಡುವೆ ಗುಂಡುಕಲ್ಲು ಪೇರಿಸಿ ಕಟ್ಟಿದ ಅಣೆಕಟ್ಟಿನಿಂದ ಹೊರಟು ಹಂಪಿಯ ಕಣಿವೆಯೊಳಗೆ ಸಾಗುತ್ತೆ. ರಸ್ತೆ ಪಕ್ಕದ ಬಾಳೆತೋಟಗಳಿಗೆ ಅದೇ ಆಧಾರ. ಬಡವಿಲಿಂಗದ ಗರ್ಭಗುಡಿಯೊಳಗೆ ಕಾಲುವೆ ನೀರು ಹಾಯುತ್ತೆ, ಲಿಂಗದ ಬುಡ ನೀರಲ್ಲೇ ಇರುತ್ತೆ. ನೆಲಮಟ್ಟಕ್ಕಿಂತ ಕೆಳಗಿರೋ ಪ್ರಸನ್ನ ವಿರೂಪಾಕ್ಷ ಗುಡಿಯಲ್ಲೂ ನೀರು ನಿಲ್ಲುತ್ತೆ, ಒಳಗೆ ಪಾಚಿ ಜಾರುತ್ತೆ, ಅವ್ವನವರು ಮೇಲಿಂದಲೇ ನೋಡಲಿ.

ಹೊಸಪೇಟೆ ಕಡೆಯ ಬಸವಣ್ಣ ಕಾಲುವೆ ಕೃಷ್ಣದೇವರಾಯ 1521ರ ಸುಮಾರಿಗೆ ತೆಗೆಸಿದ್ದು, ಇವತ್ತಿಗೂ ಗದ್ದೆಗೆ ನೀರು ಕೊಡ್ತಿದೆ. ದಾರಿಯಲ್ಲಿ ಸಿಕ್ಕರೆ ಕಾರು ನಿಲ್ಲಿಸಿ ನೋಡಿ. ಅದಕ್ಕಂತಲೇ ಹೊಸಪೇಟೆಗೆ ಹೋದರೆ ವಿಠ್ಠಲ ಗುಡಿಗೆ ಹೊತ್ತು ಸಾಲಲ್ಲ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ ಆಯ್ತು. ಅವ್ವಗ ವಿಠ್ಠಲ ಗುಡಿ ನೋಡೋ ಆಸೆ ಬಹಳ. ನಡಿಗೆ ಎಷ್ಟು?

ಉತ್ತರ 3 (ಕೊಪ್ಪಳ)
ವಾಹನ ನಿಲ್ಲಿಸೋ ಜಾಗದಿಂದ ಗುಡಿಗೆ ಸುಮಾರು 1 ಕಿ.ಮೀ. ಬ್ಯಾಟರಿ ಗಾಡಿ ಅದಾವ, ಆದ್ರೆ ಭಾನುವಾರ ಸಾಲು ಉದ್ದ. ನೀವು ಸಾಲಿಗೆ ನಿಲ್ಲೋವಾಗ ಅವ್ವನವರು ನೆರಳಾಗ ಕೂತಿರ್ಲಿ. ಅಂಗಳದ ಹಾಸುಗಲ್ಲು ಮಧ್ಯಾಹ್ನ ಕಾದಿರ್ತದ, ಹಂಗಾಗಿ ಮೂರರ ನಂತರ ಹೋಗ್ರಿ. ವಾಪಸ್ ಬುಕ್ಕಸಾಗರ ಸೇತುವೆ ಹಿಡಿಯೋಕೂ ಅದು ಅನುಕೂಲ.

ಕಮಲ ಮಹಲ್‌ನಲ್ಲಿ ತಗೊಂಡ ಟಿಕೆಟ್ ಬಿಸಾಕಬ್ಯಾಡ್ರಿ, ಅದೇ ದಿನ ವಿಠ್ಠಲ ಗುಡಿಗೂ ಕಮಲಾಪುರ ಮ್ಯೂಸಿಯಂಗೂ ನಡೀತದ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಮ್ಯೂಸಿಯಂ ಶುಕ್ರವಾರ ರಜೆ, ನಿಮ್ಮ ದಿನಕ್ಕೆ ತೊಂದ್ರೆ ಇಲ್ಲ. ಹಂಪಿಯ ಗುಡ್ಡ, ನದಿ ಎಲ್ಲಾ ತೋರಿಸೋ ದೊಡ್ಡ ಮಾದರಿ ಅಲ್ಲಿ ಅಂಗಳದಾಗ ಐತಿ. ಬೆಳಿಗ್ಗೆ ಕಮಲಾಪುರ ಕೆರೆ ನೋಡಿದ ಕೂಡ್ಲೆ ಒಳಗೆ ಹೋಗ್ರಿ, ನದಿ ಎತ್ತ, ಅರಮನೆ ಎತ್ತ ಅನ್ನೋದು ಹುಡುಗನಿಗೆ ಮೊದಲೇ ಗೊತ್ತಾಗ್ತದ.

ಆನೆಗುಂದಿ ಹತ್ರ ನದಿ ನಡುಗಡ್ಡೆಯಾಗಿರೋ ನವಬೃಂದಾವನಕ್ಕೂ (ಒಂಬತ್ತು ಯತಿಗಳ ಬೃಂದಾವನ) ಹೋಗೋ ಮನಸಿದ್ರೆ ಹಿಂದಿನ ದಿನ ಡ್ಯಾಂ ಹೊರಹರಿವು ವಿಚಾರಿಸ್ರಿ. ಗೇಟ್ ತೆಗೆದು ನದಿಗೆ ನೀರು ಬಿಟ್ರೆ ದೋಣಿ ನಿಲ್ಲಿಸ್ತಾರ. ದೋಣಿ ಇದ್ರೂ ಹತ್ತಿ ಇಳಿಯೋವಾಗ ಅವ್ವನವರ ಮೊಣಕಾಲಿಗೆ ಭಾರ ಬೀಳ್ತದ, ಎರಡೂ ಕಡೆ ಒಬ್ಬೊಬ್ಬರು ಕೈ ಹಿಡೀಬೇಕು.